ಉಡುದಾರಕ್ಕೆ ಕಟ್ಟಿದ ಬೀಗದ ಕೈ

ಗುಟ್ಟು ಕಾಯುವ ಕೆಲಸ ಸಿಕ್ಕಿದವನಿಗೆ ವಾರಕ್ಕೊಂದು ಪಜೀತಿ ಗ್ಯಾರಂಟಿ. ಬೇಕಾದರೆ ನನ್ನನ್ನೇ ಕೇಳಿ. ರಾಜಾಜಿನಗರದ ಒಂದು ಸರ್ಕಾರಿ ಕಚೇರಿಯಲ್ಲಿ ರೆಕಾರ್ಡು ರೂಮು ನೋಡಿಕೊಳ್ಳುವ ಗುಮಾಸ್ತ ನಾನು. ಯಾವ ಇಲಾಖೆ ಅಂತ ಹೇಳುವುದಿಲ್ಲ. ನನ್ನ ಕೆಲಸವೇ ಹೇಳದೆ ಇರುವುದು.

ಊರು ಮಾಗಡಿ ಕಡೆ ಒಂದು ಹಳ್ಳಿ. ಸುತ್ತಿನ ಏಳು ಹಳ್ಳಿಗೆ ಸರ್ಕಾರಿ ಕೆಲಸ ಹಿಡಿದ ಮೊದಲ ಗಂಡು ನಾನೇ. ಆರ್ಡರು ಬಂದ ದಿನ ತಮಟೆ ಹೊಡೆಸಿ, ಹಾರ ಹಾಕಿ, ಬಸ್ಸಿನ ತನಕ ಮೆರವಣಿಗೆಯಲ್ಲಿ ತಂದು ಹತ್ತಿಸಿದ್ದರು. ಕಂಡಕ್ಟರು ನನ್ನನ್ನು ಎಮ್ಮೆಲ್ಲೆ ಅಂದುಕೊಂಡು ಮುಂದಿನ ಸೀಟು ಬಿಡಿಸಿಕೊಟ್ಟ. ನಾನೂ ತಿದ್ದಲು ಹೋಗಲಿಲ್ಲ.

ಕೆಲಸಕ್ಕೆ ಸೇರಿದ ದಿನವೇ ನಮ್ಮ ಸೂಪರಿಂಟೆಂಡೆಂಟರು ನನ್ನನ್ನು ರೆಕಾರ್ಡು ರೂಮಿನ ಮುಂದೆ ನಿಲ್ಲಿಸಿಕೊಂಡರು. ಧಾರವಾಡದ ಕಡೆಯವರು, ಬಸವೇಶ್ವರನಗರದಲ್ಲಿ ಮನೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಕಾನೂನು.

"ತಮ್ಮಾ, ನಮ್ಮ ನೌಕರರ ಫೈಲೆಲ್ಲಾ ಇದರಾಗ ಅದಾವ. ಯಾರ ವಯಸ್ಸೆಷ್ಟು, ಯಾರಿಗೆ ಏನ್ ಜಡ್ಡು, ಯಾರ ಮ್ಯಾಲೆ ಎನ್‌ಕ್ವಾಯರಿ, ಎಲ್ಲಾ. ಮಂದಿ ಸ್ವಂತ ವಿಷಯ ಇದು, ಹೊರಗಿನವರಿಗೆ ಕೊಡಂಗಿಲ್ಲ. ಒಂದಕ್ಷರ ಹೊರಗ ಹೋತು ಅಂದ್ರ ನಿನ್ನ ಪ್ರೊಬೇಷನ್ ಫೈಲಿಗೆ ನಾ ಸಹಿ ಹಾಕಂಗಿಲ್ಲ. ಬಂದ ಬಸ್ಸಿಗೇ ಹೊಳ್ಳಿ ಹೋಗು."

ತಮಟೆ ಹೊಡೆದು ಕಳಿಸಿದ ಊರಿಗೆ ಯಾವ ಮುಖ ಇಟ್ಟುಕೊಂಡು ವಾಪಸ್ಸು ಹೋಗಲಿ? ಪ್ರೊಬೇಷನ್ನು ಎರಡು ವರ್ಷ ತಾನೇ, ಕಲ್ಲಿನ ಹಾಗೆ ಇದ್ದುಬಿಡ್ತೀನಿ ಅಂದುಕೊಂಡೆ. ಬೀಗದ ಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡೆ. ಸ್ನಾನಕ್ಕೂ ಬಿಚ್ಚಲಿಲ್ಲ. ಒಂದೇ ಕಷ್ಟ ಅಂದರೆ, ಪ್ರತಿ ಸಲ ಬೀಗ ತೆಗೆಯುವಾಗಲೂ ಪ್ಯಾಂಟು ಸಡಿಲ ಮಾಡಬೇಕಾಗುತ್ತಿತ್ತು. ನಾನು ಬೆಲ್ಟಿಗೆ ಕೈ ಹಾಕಿದೆ ಅಂದರೆ ಸಾಕು, ನಮ್ಮ ಟೈಪಿಸ್ಟ್ ಮೇಡಂ ಎದ್ದು ಕ್ಯಾಂಟೀನಿಗೆ ಹೊರಟುಬಿಡುತ್ತಿದ್ದರು.

ಕೆಂಪು ಬಟ್ಟೆ

ನಮ್ಮ ಫೈಲುಗಳೆಲ್ಲ ಬಿಳೀ ಬಟ್ಟೆಯ ಗಂಟಿನಲ್ಲಿ ಇರುತ್ತಿದ್ದವು. ಬಿಳಿ ಅನ್ನುವುದು ಸರ್ಕಾರದ ಲೆಕ್ಕ, ಕಣ್ಣಿಗೆ ಕಂಡದ್ದು ಬೂದಿ ಬಣ್ಣ. ಯಾವುದು ಸಾಮಾನ್ಯ ಫೈಲು, ಯಾವುದು ಗೋಪ್ಯ ಅಂತ ಗುರುತೇ ಇರಲಿಲ್ಲ. ಹಿಂದಿದ್ದ ಗುಮಾಸ್ತ ಹೇಗೆ ಕಾಲ ಹಾಕಿದನೋ! ನಾನು ಬಂದ ವಾರದಲ್ಲೇ ಸ್ಟೋರಿನಿಂದ ಕೆಂಪು ಬಟ್ಟೆ ತರಿಸಿದೆ. ಕಾಯಿಲೆ, ಎನ್‌ಕ್ವಾಯರಿ, ಸಂಸಾರದ ಜಗಳ, ಇಂಥವೆಲ್ಲ ಇದ್ದ ಫೈಲುಗಳನ್ನು ಹುಡುಕಿ ಹುಡುಕಿ ಕೆಂಪು ಗಂಟು ಕಟ್ಟಿದೆ. ಬೆವರು ಒರೆಸಿಕೊಂಡು ನೋಡಿದರೆ, ಆಹಾ, ನಮ್ಮ ರಾಗಿ ಕಣದಲ್ಲಿ ಮೆಣಸಿನಕಾಯಿ ಹರವಿದ ಹಾಗಿತ್ತು.

ಮಾರನೇ ದಿನದಿಂದ ರೆಕಾರ್ಡು ರೂಮಿನ ಕಿಟಕಿಗೆ ಜನವೋ ಜನ. ವರ್ಷಗಟ್ಟಲೆ ಈ ಕಡೆ ತಲೆ ಹಾಕದವರೆಲ್ಲ ಟೀ ಲೋಟ ಹಿಡಿದು ನಿಂತಿದ್ದಾರೆ. "ಗುರು, ಮೂರನೇ ಸಾಲಿನ ಕೆಂಪು ಯಾರದು?" "ಮಗಾ, ಅಕೌಂಟ್ಸಿನ ದಪ್ಪನೆಯವರದು ಕೆಂಪಾ, ಬಿಳೀನಾ? ಅಷ್ಟು ಹೇಳು ಸಾಕು."

ನಮ್ಮ ಜವಾನ ಅತ್ತಿಗುಪ್ಪೆಯ ಮುದುಕ. ಆಫೀಸಿಗಿಂತ ಹಳಬ. ಅವನು ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಹೇಳಿದ: "ಅಲ್ಲ ಸಾಮಿ, ಇಷ್ಟು ವರ್ಷ ಯಾವ ಗಂಟಲ್ಲಿ ಸ್ವಾರಸ್ಯ ಐತೆ ಅಂತ ಯಾರ್ಗೂ ಗೊತ್ತಿರ್ನಿಲ್ಲ. ನೀವು ಆರಿಸಿ ಕೊಟ್ರಿ."

ಹಳ್ಳಿಯವನ ತಲೆ ಸುಮ್ಮನೆ ಕೂರುತ್ತದೆಯೇ? ಎಲ್ಲ ಫೈಲಿಗೂ ಕೆಂಪು ಬಟ್ಟೆಯೇ ಸುತ್ತಿಬಿಟ್ಟೆ. ಸಾಲದು ಅಂತ ಗಂಟಿನ ಮೇಲಿದ್ದ ಹೆಸರಿನ ಚೀಟಿಗಳನ್ನೂ ಕಿತ್ತು ಹಾಕಿದೆ. ಈಗ ನೋಡ್ಕೊಳ್ಳಿ ಅಂದೆ.

ಹತ್ತು ದಿನಕ್ಕೆ ಮೇಲಿನ ಆಫೀಸಿನಿಂದ ಯಾರದೋ ಒಂದು ಫೈಲು ತುರ್ತಾಗಿ ಬೇಕು ಅಂತ ಕಾಗದ ಬಂತು. ನಾನು, ಜವಾನ, ಸೂಪರಿಂಟೆಂಡೆಂಟರು ಮೂವರೂ ನೆಲದ ಮೇಲೆ ಕೂತು ಮೂರು ದಿನ ಗಂಟು ಬಿಚ್ಚಿದೆವು. ಕೊನೆಗೆ ಸೂಪರಿಂಟೆಂಡೆಂಟರು ತಲೆ ಮೇಲಿನ ಧೂಳು ಕೊಡವಿಕೊಂಡು ಅಂದರು:

"ಗುಟ್ಟು ಭಾಳ ಚಲೋ ಕಾದೀಯಪಾ ತಮ್ಮಾ. ಸರ್ಕಾರಕ್ಕೂ ಸಿಗವಲ್ದು."

ಕಾರಣ ಬರೆಯಬೇಕು

ನಮ್ಮ ಪದ್ಧತಿ ಹೀಗೆ. ಯಾರಿಗಾದರೂ ನಮ್ಮ ನೌಕರರ ಫೈಲಿನಲ್ಲಿರುವ ವಿಷಯ ಬೇಕಾದರೆ ಅರ್ಜಿ ಕೊಡಬೇಕು. ಅರ್ಜಿ ನನ್ನಿಂದ ಸೂಪರಿಂಟೆಂಡೆಂಟರಿಗೆ, ಅವರಿಂದ ಸಾಹೇಬರಿಗೆ. ಕೊಡುವುದಿಲ್ಲ ಅಂತಾದರೆ ಯಾಕೆ ಕೊಡುವುದಿಲ್ಲ ಅನ್ನುವ ಕಾರಣವನ್ನು ಬರೆದು ತಿಳಿಸಬೇಕು. "ಕಾರಣ ಸ್ಪಷ್ಟ ಇರಬೇಕು. ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗ ಬರೀಬ್ಯಾಡ" ಅಂತ ಸೂಪರಿಂಟೆಂಡೆಂಟರು ಬೇರೆ ತಾಕೀತು ಮಾಡಿದ್ದರು.

ಮಹಾಲಕ್ಷ್ಮಿ ಲೇಔಟಿನಿಂದ ಒಬ್ಬ ಮನೆ ಮಾಲೀಕರ ಅರ್ಜಿ ಬಂತು. ಅವರ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದವರು ನಮ್ಮ ಡ್ರಾಫ್ಟ್ಸ್‌ಮನ್. ಒಂದು ತಿಂಗಳಿಂದ ರಜ ಹಾಕಿ ಮನೆಯಲ್ಲೇ ಮಲಗಿದ್ದಾರೆ, ಏನಾದರೂ ಅಂಟುಜಾಡ್ಯವೇ, ನಮ್ಮ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ದಯವಿಟ್ಟು ತಿಳಿಸಿ ಅಂತ.

ಹೇಳುವ ಹಾಗಿಲ್ಲ. ಖಂಡಿತ ಇಲ್ಲ. ನಾನು ಎದೆಯುಬ್ಬಿಸಿಕೊಂಡು ಉತ್ತರ ಬರೆದೆ. ನನ್ನ ಕೈಬರಹ ಮುತ್ತು ಪೋಣಿಸಿದ ಹಾಗೆ. ನಮ್ಮ ಊರಿನಲ್ಲಿ ಲಗ್ನಪತ್ರಿಕೆ ಬರೆಸೋಕೆ ನನ್ನ ಹತ್ತಿರವೇ ಬರುತ್ತಿದ್ದರು.

"ಮಾನ್ಯರೇ, ತಾವು ಕೋರಿರುವ ಮಾಹಿತಿಯನ್ನು ನೀಡಲು ಸಾಧ್ಯವಿರುವುದಿಲ್ಲ. ಕಾರಣವೇನೆಂದರೆ, ಸದರಿ ನೌಕರರು ಮೂಲವ್ಯಾಧಿಯ ಬಾಧೆಯಿಂದ ರಜೆಯ ಮೇಲಿದ್ದು, ಮೂಲವ್ಯಾಧಿಯು ಅವರ ಸ್ವಂತ ವಿಷಯವಾಗಿರುವುದರಿಂದ ಸದರಿ ಅಂಶವನ್ನು ಯಾರಿಗೂ ಬಹಿರಂಗಪಡಿಸತಕ್ಕದ್ದಲ್ಲ."

ಸೂಪರಿಂಟೆಂಡೆಂಟರು ಕೈಬರಹ ನೋಡಿ ತಲೆದೂಗಿ ಸಹಿ ಹಾಕಿದರು.

ಎಂಟನೇ ದಿನ ಡ್ರಾಫ್ಟ್ಸ್‌ಮನ್ ರಜೆಯಲ್ಲಿದ್ದವರು ಆಟೋ ಮಾಡಿಕೊಂಡು ಬಂದರು. ಕುರ್ಚಿ ತೋರಿಸಿದೆ. ಕೂರಲಿಲ್ಲ.

"ಯಾವನಯ್ಯಾ ಆ ಕಾಗದ ಬರೆದೋನು? ಓನರ್ ಹೆಂಡ್ತಿ ದಿನಾ ಬೆಳಿಗ್ಗೆ ಸುವರ್ಣಗೆಡ್ಡೆ ಪಲ್ಯ ತಂದು ಇಡ್ತಾರೆ. ಎದುರುಮನೆ ಆಂಟಿ ಮಜ್ಜಿಗೆ ಕಳಿಸ್ತಾರೆ. ಹಾಲಿನವನು ಸಹ ಕೇಳ್ತಾನೆ, 'ಸಾರ್, ಇವತ್ತು ಕೂತ್ಕೊಳೋಕಾಯ್ತಾ?' ಅಂತ!"

ಅವರು ಹೋದ ಮೇಲೆ ಸೂಪರಿಂಟೆಂಡೆಂಟರು ನನಗೆ ಮೆಮೊ ಬರೆದರು. ನಾನು ಮೆಲ್ಲಗೆ ಅಂದೆ: "ಸಾರ್, ಆ ಕಾಗದಕ್ಕೆ ಸಹಿ ನಿಮ್ಮದೇ ಅಲ್ವಾ?"

ಅವರು ಅತ್ತಿತ್ತ ನೋಡಿ, ದನಿ ಇಳಿಸಿದರು. "ಹೌದು. ಆದ್ರ ಅದು ಗೋಪ್ಯ."

ಸಾಹೇಬರ ಅರ್ಜಿ

ಒಂದು ದಿನ ಸಾಹೇಬರೇ ರೆಕಾರ್ಡು ರೂಮಿಗೆ ಬಂದರು. "ನನ್ನ ಸರ್ವೀಸ್ ರಿಜಿಸ್ಟರ್ ಕೊಡಯ್ಯ. ಜನ್ಮದಿನಾಂಕ ಏನು ಬರೆದಿದ್ದಾರೆ ನೋಡಬೇಕು."

ಬೇರೆ ಗುಮಾಸ್ತರಾಗಿದ್ದರೆ ಕಾಲಿಗೆ ಬಿದ್ದು ಕೊಡುತ್ತಿದ್ದರು. ನಾನು ಗೋಡೆಗೆ ಅಂಟಿಸಿದ್ದ ಆದೇಶ ತೋರಿಸಿದೆ. 'ಯಾರೇ ಆಗಲಿ ಅರ್ಜಿಯಿಲ್ಲದೆ ಕಡತ ಕೇಳತಕ್ಕದ್ದಲ್ಲ.' ಕೆಳಗೆ ಸಾಹೇಬರದೇ ಸಹಿ.

ಸಾಹೇಬರು ಒಳ್ಳೆಯವರು. ನಕ್ಕು, ಅಲ್ಲೇ ಒಂದು ಹಾಳೆ ಈಸಿಕೊಂಡು ಅರ್ಜಿ ಬರೆದುಕೊಟ್ಟರು. ನಾನು ನಂಬರು ಹಾಕಿ ಸೂಪರಿಂಟೆಂಡೆಂಟರಿಗೆ ಕಳಿಸಿದೆ. ಅವರ ಮೇಜಿನ ಮೇಲೆ ಎರಡು ದಿನ ಇದ್ದು, ಮೂರನೇ ದಿನ ಬೇರೆ ಅರ್ಜಿಗಳ ಕಟ್ಟಿನ ಜೊತೆ ಸಾಹೇಬರ ಮೇಜಿಗೆ ಹೋಯಿತು. ಸಾಹೇಬರಿಗೆ ಅವತ್ತು ಮೀಟಿಂಗು. ಫೈಲು ಕೇಳಿದ ಅರ್ಜಿ ಅಂದರೆ ಅವರು ಓದುವ ಪದ್ಧತಿಯೇ ಇಲ್ಲ.

ಸಂಜೆ ಕಟ್ಟು ನನ್ನ ಹತ್ತಿರ ವಾಪಸ್ಸು ಬಂತು. ಎಲ್ಲದರ ಮೇಲೂ ಹಸಿರು ಇಂಕಿನಲ್ಲಿ ಒಂದೇ ಮಾತು: 'ತಿರಸ್ಕರಿಸಿದೆ.'

ಮಾರನೇ ದಿನ ಸಾಹೇಬರು ಕೇಳಿದರು. "ಏನಯ್ಯ, ನನ್ನ ಅರ್ಜಿ ಏನಾಯ್ತು?"

"ತಿರಸ್ಕಾರ ಆಗಿದೆ ಸಾರ್."

ಸಾಹೇಬರ ಮುಖ ಕೆಂಪಗಾಯಿತು. "ಯಾವನವನು ತಿರಸ್ಕರಿಸಿದ ಅವಿವೇಕಿ?"

ನನಗೆ ಆಗಿನ್ನೂ ಪ್ರೊಬೇಷನ್ನು. ನಾನು ಹೆಸರು ಹೇಳಲಿಲ್ಲ.

ಮೇಡಂ ವಯಸ್ಸು

ಟೈಪಿಸ್ಟ್ ಮೇಡಂ ವಿಷಯ. ಜ್ಯೇಷ್ಠತಾ ಪಟ್ಟಿ ಸೈಕ್ಲೋಸ್ಟೈಲ್ ಮಾಡಿ ನೋಟೀಸ್ ಬೋರ್ಡಿಗೆ ಹಾಕಬೇಕಿತ್ತು. ಎಲ್ಲರ ಹೆಸರಿನ ಮುಂದೆಯೂ ಹುಟ್ಟಿದ ತಾರೀಖು. ಮೇಡಂ ಮೆಲ್ಲಗೆ ಬಂದು, "ನೋಡಪ್ಪಾ, ನನ್ನ ತಾರೀಖು ಮಾತ್ರ ಕಾಣದ ಹಾಗೆ ಮಾಡು. ಹೆಂಗಸರ ವಿಷಯ" ಅಂದರು. ನಾನು ಹೆಣ್ಣುಮಕ್ಕಳ ಮಾತಿಗೆ ಇಲ್ಲ ಅಂದವನಲ್ಲ. ಅವರ ತಾರೀಖಿನ ಮೇಲೆ ಕಪ್ಪು ಇಂಕು ಸುರಿದು, ಅದರ ಮೇಲೆ ಖಾಕಿ ಕಾಗದದ ತುಂಡು ಅಂಟಿಸಿ, ಅದರ ಮೇಲೆ ಆಫೀಸು ಸೀಲು ಒತ್ತಿದೆ.

ನಲವತ್ತು ಹೆಸರಿನ ಪಟ್ಟಿಯಲ್ಲಿ ಒಂದೇ ಒಂದು ಖಾಕಿ ತುಂಡು. ಆವತ್ತು ಉಳಿದ ಮೂವತ್ತೊಂಬತ್ತು ತಾರೀಖನ್ನು ಯಾರೂ ಓದಲಿಲ್ಲ.

"ಐವತ್ತಿರಬೇಕು ಗುರು. ಇಲ್ಲದಿದ್ರೆ ಇಷ್ಟು ಬಂದೋಬಸ್ತು ಯಾಕೆ?"

"ಐವತ್ತಾ? ಸೀಲು ಬೇರೆ ಹಾಕವ್ರೆ ಮಚ್ಚಾ. ಐವತ್ತಾರು."

ಕ್ಯಾಂಟೀನಿನಲ್ಲಿ ಒಬ್ಬ, ರಿಟೈರಾಗೋ ವಯಸ್ಸು ದಾಟಿ ಹೋಗಿದೆ, ಅದಕ್ಕೇ ಮುಚ್ಚಿದ್ದಾರೆ ಅಂದನಂತೆ. ಆ ಮಾತು ಮೇಡಂ ಕಿವಿಗೆ ಬಿದ್ದದ್ದೇ, ಅವರು ನೀರಿನ ಲೋಟ ಹಿಡಿದು ನೋಟೀಸ್ ಬೋರ್ಡಿಗೆ ಹೋದರು. ಎಲ್ಲರ ಎದುರಿಗೇ ಖಾಕಿ ಕಾಗದ ನೆನೆಸಿ ಉಗುರಿನಲ್ಲಿ ಕೆರೆದರು. ಅಡಿಯಲ್ಲಿ ನನ್ನ ಇಂಕು. ಅದು ಜಪ್ಪಯ್ಯ ಅಂದರೂ ಹೋಗಲಿಲ್ಲ. ನನ್ನ ಕೆಲಸ ಅಂದರೆ ಹಾಗೆ, ಗಟ್ಟಿ.

ಮೇಡಂ ತಿರುಗಿ ನಿಂತು ಆಫೀಸಿಗೆಲ್ಲ ಕೇಳುವ ಹಾಗೆ ಕೂಗಿದರು: "ನಲವತ್ತೊಂದು! ಎಲ್ಲರೂ ಬರ್ಕೊಳ್ಳಿ! ನಲವತ್ತೊಂದು!"

ಯಾರೂ ನಂಬಲಿಲ್ಲ.

ಗಂಡಿನ ಫೈಲು

ಇದು ನನ್ನದೇ ಕಥೆ. ಪ್ರೊಬೇಷನ್ ಮುಗಿಯಲು ಹತ್ತು ದಿನ ಉಳಿದಿತ್ತು. ನನ್ನ ಫೈಲು ಸೂಪರಿಂಟೆಂಡೆಂಟರ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಅದೇ ಹೊತ್ತಿನಲ್ಲಿ ಊರಿನಲ್ಲಿ ನಮ್ಮ ಸೋದರಮಾವ ನನಗೊಂದು ಹೆಣ್ಣು ಗೊತ್ತು ಮಾಡಿದ್ದ. ಹುಡುಗಿ ವಿಜಯನಗರದವಳು, ಅವರಪ್ಪ ಮಿಲ್ಲಿನಲ್ಲಿ ಸೂಪರ್‌ವೈಸರ್. ಭಾನುವಾರ ಹೆಣ್ಣು ನೋಡಲು ಹೋಗುವುದು ಅಂತ ತೀರ್ಮಾನವಾಗಿತ್ತು. ನನ್ನ ಫೋಟೋ ಮಾತ್ರ ಮೊದಲೇ ಕಳಿಸಿದ್ದೆವು. ಸ್ಟುಡಿಯೋದವನ ಕೋಟು, ಸ್ಟುಡಿಯೋದವನ ಕೂಲಿಂಗ್ ಗ್ಲಾಸು. ಅದರಲ್ಲಿ ನನ್ನದು ಅಂತ ಇದ್ದದ್ದು ಕಿವಿ ಎರಡೇ.

ಗುರುವಾರ ಮಧ್ಯಾಹ್ನ ಒಬ್ಬ ಹಿರಿಯರು ಕಿಟಕಿಗೆ ಬಂದರು. ಕಚ್ಚೆಪಂಚೆ, ಕೈಯಲ್ಲಿ ಛತ್ರಿ.

"ನಿಮ್ಮಲ್ಲಿ ಒಬ್ಬ ಹುಡುಗ ಕೆಲಸ ಮಾಡ್ತಾನಂತಲ್ಲಪ್ಪಾ. ನನ್ನ ಮಗಳಿಗೆ ಬಂದಿರೋ ಗಂಡು. ಅವನ ಫೈಲು ಸ್ವಲ್ಪ ನೋಡಬೇಕಿತ್ತು" ಅಂತ ಜೇಬಿನಿಂದ ಒಂದು ಚೀಟಿ ತೆಗೆದರು.

ಚೀಟಿಯಲ್ಲಿ ನನ್ನ ಹೆಸರು. ಬರವಣಿಗೆ ನಮ್ಮ ಸೋದರಮಾವನದು. 'ಆಫೀಸರ್. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್. ಸ್ವಂತ ಸ್ಕೂಟರ್. ಮೇಲಧಿಕಾರಿಗಳಿಂದ ಒಂದು ಮಾತು ಅನ್ನಿಸಿಕೊಂಡವನಲ್ಲ.'

ನನ್ನ ಫೈಲಿನಲ್ಲಿ ಆ ಹೊತ್ತಿಗೆ ಮೂರು ಮೆಮೊ ಇದ್ದವು. ಗವರ್ನಮೆಂಟಿನವರು ಇಂಥ ಒಳ್ಳೇ ನಿಯಮ ಯಾಕೆ ಮಾಡಿದರು ಅಂತ ನನಗೆ ಅವತ್ತು ಅರ್ಥವಾಯಿತು.

"ಆಗಲ್ಲ ಸಾರ್. ನೌಕರರ ಸ್ವಂತ ವಿಷಯ ಹೊರಗಿನವರಿಗೆ ಕೊಡೋ ಹಾಗಿಲ್ಲ."

"ಹೆಣ್ಣು ಹೆತ್ತೋನಪ್ಪಾ ನಾನು. ಬರೀ ಮಾರ್ಕ್ಸು ಹೇಳು."

"ಮಾರ್ಕ್ಸೂ ಇಲ್ಲ ಸಾರ್."

"ಎದುರುಗಡೆ ಹೋಟೆಲಿಗೆ ಬಾ, ಮಸಾಲೆ ದೋಸೆ ತಿಂತಾ ಮಾತಾಡೋಣ."

ಹಸಿವಾಗಿತ್ತು. ಆದರೂ ಇಲ್ಲ ಅಂದೆ. ಅವರು ಅರ್ಧ ಗಂಟೆ ಗೋಗರೆದರು, ಬೈದರು, ಛತ್ರಿ ಕುಟ್ಟಿದರು. ನಾನು ಕಲ್ಲು. ಕೊನೆಗೆ ಅವರು ನನ್ನ ಮುಖವನ್ನೇ ನೋಡುತ್ತಾ ನಿಂತರು. ಕಣ್ಣಿನಲ್ಲಿ ನೀರು ಬಂದ ಹಾಗಿತ್ತು.

"ಇದಪ್ಪಾ ಗಂಡು ಅಂದ್ರೆ! ಬಾಯಿ ಇಷ್ಟು ಭದ್ರ ಇರೋ ಹುಡುಗನಿಗಲ್ವಾ ನಾನು ಮಗಳನ್ನ ಕೊಡಬೇಕಾದ್ದು? ಆ ಆಫೀಸರ್ ಹಾಳಾಗಿ ಹೋಗ್ಲಿ. ನಿನಗೆ ಮದುವೆ ಆಗಿದ್ಯೇನಪ್ಪಾ?"

ನನ್ನನ್ನು ಬಿಟ್ಟು ನನ್ನನ್ನೇ ಒಪ್ಪಿಕೊಂಡಿದ್ದಾರೆ! ಏನು ಹೇಳಲಿ ಅಂತ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಸೂಪರಿಂಟೆಂಡೆಂಟರು ಬಂದರು. ಹಿರಿಯರು ಕೈಮುಗಿದು, "ಸಾರ್, ಈ ಹುಡುಗ ಬಂಗಾರ. ಒಂದಕ್ಷರ ಬಾಯಿ ಬಿಡಲಿಲ್ಲ" ಅಂದರು.

ಸೂಪರಿಂಟೆಂಡೆಂಟರು ಉಬ್ಬಿಹೋದರು. "ಹೆಂಗ್ ಬಿಡ್ತಾನ್ರಿ? ನಾ ತಯಾರ್ ಮಾಡಿದ ಹುಡುಗ!" ಅಂತ ನನ್ನ ಬೆನ್ನು ತಟ್ಟಿ, ನನ್ನ ಹೆಸರು, ನಮ್ಮಪ್ಪನ ಹೆಸರು, ಊರು, ಎಲ್ಲ ಸೇರಿಸಿ ಹೇಳಿದರು.

ಹಿರಿಯರು ಚೀಟಿ ನೋಡಿದರು. ನನ್ನನ್ನು ನೋಡಿದರು. ಕಿವಿ ನೋಡಿದರು. ಆಮೇಲೆ ತಣ್ಣಗೆ ಕೇಳಿದರು:

"ಹೌದಾ? ಇವರು ಇಲ್ಲಿ ಆಫೀಸರ್ರಾ ಸಾರ್?"

"ಎಲ್ಲಿ ಆಫೀಸರ್ರೀ! ಸೆಕೆಂಡ್ ಡಿವಿಜನ್ ಗುಮಾಸ್ತ. ಆದ್ರ ಅದನ್ನ ನಾವು ಹೊರಗ ಹೇಳಂಗಿಲ್ಲ. ಗೋಪ್ಯ."

"ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಂತೆ?"

"ಗಣಿತದಾಗ ಎರಡು ಸಲ ಡುಮ್ಕಿ ಹೊಡದಾನ. ಅದೂ ಗೋಪ್ಯ ನೋಡ್ರಿ."

"ಸ್ಕೂಟರು?"

"ಜವಾನನ ಸೈಕಲ್ ಮ್ಯಾಲೆ ಹಿಂದ ಕುಂತು ಬರ್ತಾನ. ಮೂರು ಮೆಮೊ ಕೊಟ್ಟೀನಿ. ಕೊಟ್ಟ ಮ್ಯಾಲೇ ಹಿಂಗ್ ಸುದ್ದ ಆಗ್ಯಾನ. ಆದ್ರ ಫೈಲ್ ಮಾತ್ರ ಕೇಳಬ್ಯಾಡ್ರಿ. ನನ್ನ ಕುತಿಗಿ ಕೊಯ್ದರೂ ತೋರ್ಸಂಗಿಲ್ಲ!"

ಅಷ್ಟು ಹೇಳಿ ಅವರು ತಮ್ಮ ಕುರ್ಚಿಗೆ ಹೋಗಿ ಕೂತರು. ನಾನು ನೆಲ ನೋಡುತ್ತಾ ನಿಂತಿದ್ದೆ. ನನ್ನಂಥ ನಾನು, ನೆಲ ನೋಡುತ್ತಾ! ಹಿರಿಯರು ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡು, ಕಿಟಕಿಯೊಳಗೆ ತಲೆ ತೂರಿಸಿ, ನನ್ನ ಕಿವಿಯ ಹತ್ತಿರ ಬಂದರು.

"ನೋಡಿ, ಭಾನುವಾರ ಬನ್ನಿ. ನಾನೂ ನಿಮ್ಮ ಸೋದರಮಾವನಿಗೆ ಹುಡುಗಿ ಬಿ.ಎ. ಓದಿದಾಳೆ, ವೀಣೆ ನುಡಿಸ್ತಾಳೆ ಅಂದಿದೀನಿ. ಓದು ಪಿಯುಸಿಗೇ ನಿಂತೋಯ್ತು. ವೀಣೆ ಇದೆ, ಪಕ್ಕದ ಮನೇದು. ಇದು ಯಾರಿಗೂ ಗೊತ್ತಾಗಬಾರದು."

"ಆಯ್ತು ಮಾವ" ಅಂದೆ.

ಅವರು ಹೋದದ್ದೇ ಸೂಪರಿಂಟೆಂಡೆಂಟರು ಕರೆದರು. "ಕಿವ್ಯಾಗ ಏನಂದ್ರೋ ಅವರು?"

"ಹೇಳಂಗಿಲ್ಲ ಸಾರ್. ಅವರ ಸ್ವಂತ ವಿಷಯ."

ಶುಕ್ರವಾರ ಕೇಳಿದರು. ಶನಿವಾರ ಮನೆಯಿಂದ ಜೋಳದ ರೊಟ್ಟಿ, ಎಣ್ಣೆಗಾಯಿ ತಂದುಕೊಟ್ಟು ಕೇಳಿದರು. ತಿಂದೆ, ಹೇಳಲಿಲ್ಲ. ಭಾನುವಾರ ಹೆಣ್ಣು ನೋಡಿ ಒಪ್ಪಿಕೊಂಡು ಬಂದೆ. ಅವಳೂ ಒಪ್ಪಿದಳು, ಒಪ್ಪದೆ ಏನು? ಸೋಮವಾರ ಮತ್ತೆ ಕೇಳಿದರು. ನೂರಾರು ಜನರ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡ ಮನುಷ್ಯ, ಈ ಒಂದು ಗುಟ್ಟು ಸಿಗದೆ ಸೊರಗಿಹೋದರು.

ಹತ್ತನೇ ದಿನ ನನ್ನ ಪ್ರೊಬೇಷನ್ ಫೈಲು ಬಿಚ್ಚಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು, ನನ್ನನ್ನು ಮುಂದೆ ನಿಲ್ಲಿಸಿಕೊಂಡರು.

"ಸಹಿ ಹಾಕ್ತೀನಿ. ಮದಲ ಹೇಳು. ಅವರೇನಂದ್ರು?"

ಹೇಳಿದರೆ, ಗುಟ್ಟು ಬಿಟ್ಟ ಅಂತ ಸಹಿ ಹಾಕುವುದಿಲ್ಲ. ಹೇಳದಿದ್ದರೆ, ಸಿಟ್ಟಿಗೆ ಸಹಿ ಹಾಕುವುದಿಲ್ಲ. ತಮಟೆ ಹೊಡೆದ ಏಳು ಹಳ್ಳಿಯೂ ಕಣ್ಣ ಮುಂದೆ ಬಂತು. ಕಣ್ಣು ಮುಚ್ಚಿಕೊಂಡು ಅಂದೆ: "ಹೇಳಂಗಿಲ್ಲ ಸಾರ್."

ಅವರು ನಿಟ್ಟುಸಿರು ಬಿಟ್ಟರು. ಆಮೇಲೆ ಬರೆದರು: 'ಗೋಪ್ಯ ಕಾಪಾಡುವುದರಲ್ಲಿ ಈ ನೌಕರರು ಸಂಪೂರ್ಣ ನಂಬಿಕೆಗೆ ಅರ್ಹರು.' ಕೆಳಗೆ ಸಹಿ, ಸೀಲು.

ನಾನು ಬ್ಲಾಟಿಂಗ್ ಪೇಪರ್ ಒತ್ತಿದೆ. ಬಾಯಿಂದ ಊದಿದೆ. ಫೈಲು ಕಟ್ಟಿ ಜವಾನನ ಕೈಗೆ ಕೊಟ್ಟು, ಸಾಹೇಬರ ಕೋಣೆಗೆ ಓಡು ಅಂದೆ. ಅವನು ಬಾಗಿಲು ದಾಟಿದ ಮೇಲೆ ಸ್ಟೂಲು ಎಳೆದುಕೊಂಡು ಸೂಪರಿಂಟೆಂಡೆಂಟರ ಪಕ್ಕ ಕೂತೆ.

"ಸಾರ್, ವೀಣೆ ಪಕ್ಕದ ಮನೇದಂತೆ."